ಒದೆಯೋ ಕಾಲನ್ನೂ ಕೊಂಡುಕೊಂಡ ಮೇಲೆ ನೀವು ಮಾಡಿದ್ದೇನು?



ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳಾಗಿತ್ತು. ಇವತ್ತು ಬಂದಿರೋದು ಜಗಳ ಆಡೋಕೆ. ಕವನ, ಪ್ರವಾಸ, ಸಿನೆಮಾ ಅಂತ ನಿರೀಕ್ಷೆ ಇಟ್ಟುಕೊಂಡು ಬಂದವರು ಕ್ಷಮಿಸಬೇಕು :)

ಜಗಳದ ವಿಷಯ ಸಣ್ಣದು ಅನ್ನಿಸಬಹುದು. ಎಂಜಿನಿಯರಿಂಗ್ ಹುಡುಗರ ರೋಬೋಟ್ ಸ್ಪರ್ಧೆಗಳಲ್ಲಿ ಚೆಂಡು ಒದೆಯೋ ಭಾಗ ಅಂತ ಒಂದು ಇರುತ್ತಲ್ಲ, ಅದನ್ನ ಯಾರು ಮಾಡಬೇಕು ಅನ್ನೋದು. ನನ್ನ ವಾದ ಇಷ್ಟೇ. ಆ ಕಾಲನ್ನ ಹುಡುಗರೇ ಮಾಡಬೇಕು. ಮೊದಲು ಪ್ಲೈವುಡ್ಡು, ರಬ್ಬರು ಅಂತ ಅಗ್ಗದ ಸಾಮಾನಿನಲ್ಲಿ ಒರಟಾಗಿ ಮಾಡಬೇಕು, ಮುರೀಬೇಕು, ಮತ್ತೆ ಮಾಡಬೇಕು. ಕಬ್ಬಿಣ ಆಮೇಲೆ. ಅಂಗಡಿಯಿಂದ ರೆಡಿಮೇಡ್ ತಂದು, ನಾಲ್ಕು ಬೋಲ್ಟ್ ಹಾಕಿ ಕೂರಿಸಿ, ಮೇಲೆ ಕಾಲೇಜಿನ ಸ್ಟಿಕರ್ ಅಂಟಿಸೋದಾದ್ರೆ ಸ್ಪರ್ಧೆಗೇ ಹೋಗಬೇಡಿ, ಬಸ್ ಚಾರ್ಜಾದ್ರೂ ಉಳಿಯುತ್ತೆ. ಶಿವಮೊಗ್ಗದ ಹುಡುಗರು ಹಾಗೆ ಮಾಡಿದ್ರಂತೂ ನನಗೆ ಇನ್ನೂ ಜಾಸ್ತಿ ಸಿಟ್ಟು ಬರುತ್ತೆ. ಯಾಕೆ ಅನ್ನೋದನ್ನ ಮುಂದೆ ಹೇಳ್ತೀನಿ, ಅದು ಭದ್ರಾವತಿಯ ವಿಷಯ.

ಈ ಲೋಕ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಏಷ್ಯಾ-ಪೆಸಿಫಿಕ್ ಪ್ರಸಾರ ಸಂಸ್ಥೆಗಳ ಒಕ್ಕೂಟ 2002ರಿಂದ ‘ರೋಬೋಕಾನ್’ ಅಂತ ಕಾಲೇಜು ವಿದ್ಯಾರ್ಥಿಗಳ ಸ್ಪರ್ಧೆ ನಡೆಸುತ್ತೆ. ಮೊದಲನೆಯದು ಟೋಕಿಯೋದಲ್ಲಿ ನಡೀತು. ಪ್ರತಿ ವರ್ಷ ಬೇರೆ ದೇಶ, ಆ ದೇಶದ ಬದುಕಿಗೆ ಹತ್ತಿರವಾದ ಒಂದು ಆಟ. 2022ರಲ್ಲಿ ನಮ್ಮ ದೆಹಲಿಯಲ್ಲಿ ನಡೆದಾಗ ಆಟ ಯಾವುದು ಗೊತ್ತಾ? ಲಗೋರಿ!! ಹೌದು, ನಾವು ಬೀದೀಲಿ ಹೆಂಚಿನ ಚೂರು ಜೋಡಿಸಿ ಆಡ್ತಿದ್ದ ಅದೇ ಲಗೋರಿ. 2025ರಲ್ಲಿ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ ಬಾಸ್ಕೆಟ್‌ಬಾಲ್. ನನ್ನ ಜಗಳಕ್ಕೆ ಸಂಬಂಧಪಟ್ಟಿದ್ದು 2020ರ ಆಟ. ಆ ವರ್ಷ ಆತಿಥ್ಯ ಫಿಜಿ ದೇಶದ್ದು, ಆಟ ರಗ್ಬಿ. ರೋಬೋಟು ಇನ್ನೊಂದು ರೋಬೋಟಿಗೆ ಚೆಂಡು ಪಾಸ್ ಮಾಡಬೇಕು, ಕೊನೆಗೆ ಚೆಂಡನ್ನ ಒದ್ದು ಗೋಲು ಕಂಬದ ಅಡ್ಡಪಟ್ಟಿಯ ಮೇಲಿಂದ ಹಾರಿಸಬೇಕು. ಕೋವಿಡ್ ಬಂದು ಸುವಾದ ಮೈದಾನದಲ್ಲಿ ಆ ಸ್ಪರ್ಧೆ ನಡೆಯಲೇ ಇಲ್ಲ, ಆನ್‌ಲೈನ್ ಉತ್ಸವ ಮಾಡಿ ಮುಗಿಸಿದ್ರು. ಆದ್ರೆ ಅದಕ್ಕೂ ಮೊದಲೇ ಎಷ್ಟೋ ಕಾಲೇಜುಗಳ ವರ್ಕ್‌ಶಾಪಿನಲ್ಲಿ ಒದೆಯೋ ಕಾಲುಗಳು ಹುಟ್ಟಿ, ಮುರಿದು, ಮತ್ತೆ ಹುಟ್ಟಿದ್ದವು.

ಆಗ ನಾನು ಕೊನೆಯ ವರ್ಷದಲ್ಲಿದ್ದೆ. ನಮ್ಮ ಗುಂಪಿನ ಐದು ಜನ ನಿಜವಾದ ಸ್ಪರ್ಧೆಗೆ ಹೆಸರು ಕೊಟ್ಟಿರ್ಲಿಲ್ಲ, ಅಷ್ಟು ದುಡ್ಡೂ ಇರ್ಲಿಲ್ಲ. ಒದೆಯೋ ಭಾಗ ಒಂದನ್ನಾದ್ರೂ ಮಾಡಿ ನೋಡೋಣ ಅಂತ ಕೂತ್ವಿ. ಅಲ್ಲಿ ಕಲಿತದ್ದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನ್ನ ವಾದದ ಜೀವ ಇರೋದು ಅದರಲ್ಲೇ.

ಒಂದು ರಗ್ಬಿ ಚೆಂಡಿನ ತೂಕ 410ರಿಂದ 460 ಗ್ರಾಂ. ಸುಮಾರು 430 ಅಂತ ಇಟ್ಕೊಳ್ಳಿ. ಅದು ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಹೊರಡಬೇಕು ಅಂದ್ರೆ ಅದಕ್ಕೆ ಬೇಕಾದ ಶಕ್ತಿ 31 ಜೂಲ್. ಪಿಯುಸಿ ಲೆಕ್ಕ. ಆದ್ರೆ ಕಾಲಲ್ಲಿರೋ ಶಕ್ತಿ ಎಲ್ಲಾ ಚೆಂಡಿಗೆ ಹೋಗಲ್ಲ. ಒಂದಿಷ್ಟು ಕಾಲಲ್ಲೇ ಉಳಿಯುತ್ತೆ, ಒಂದಿಷ್ಟು ಚೆಂಡು ಅಮುಕಿಕೊಂಡಾಗ ಹೋಗುತ್ತೆ, ಇನ್ನೊಂದಿಷ್ಟನ್ನ ಹಿಂಜಸ್ ತಿನ್ನುತ್ತೆ. ಹಾಗಾಗಿ ಸ್ಪ್ರಿಂಗಿನಲ್ಲಿ 60 ಜೂಲ್ ಆದ್ರೂ ತುಂಬಿಸಬೇಕು. 30 ಸೆಂಟಿಮೀಟರ್ ಎಳೆಯೋ ಸ್ಪ್ರಿಂಗಾದ್ರೆ ಕೊನೆಯಲ್ಲಿ ಎಳೆತ 40 ಕೆಜಿ ಬರುತ್ತೆ. ಒಂದು ದೊಡ್ಡ ಸಿಮೆಂಟ್ ಚೀಲದಷ್ಟು ಭಾರ ಅಲ್ಲದಿದ್ರೂ ಅದರ ಹತ್ತಿರ ಹತ್ತಿರ.

ಇಷ್ಟು ಕಾಗದದ ಮೇಲೆ ಹತ್ತು ನಿಮಿಷದಲ್ಲಿ ಆಗುತ್ತೆ. ನಿಜವಾದ ಪ್ರಶ್ನೆ ಈಗ ಶುರು. ಆ 40 ಕೆಜಿ ಎಳೆತವನ್ನ ಹಿಡಿದು ನಿಲ್ಲಿಸಿ, ಬೇಕಾದ ಕ್ಷಣದಲ್ಲಿ ಒಂದೇ ಸಲಕ್ಕೆ ಬಿಡೋದು ಹೇಗೆ?

ನಮ್ಮ ಮೊದಲ ಮಾದರಿಯಲ್ಲಿದ್ದದ್ದು 12 ಎಂಎಂ ಪ್ಲೈವುಡ್ಡು, ಬಾಗಿಲಿನ ಹಿಂಜಸ್ಸು, ಸೈಕಲ್ ಟ್ಯೂಬು, ಒಂದು ಮೊಳೆ. ಚೆಂಡು ನಿಲ್ಲಿಸೋಕೆ ಅಡುಗೆಮನೆಯ ಹಳೇ ಬಟ್ಟೆಯ ಸಿಂಬೆ. ಖರ್ಚು 600 ರೂಪಾಯಿ ಒಳಗೆ. ಅದರಲ್ಲಿ ಮೊಳೆಯನ್ನ ಅಡ್ಡ ಇಟ್ಟು ಕಾಲನ್ನ ತಡೆದು ನಿಲ್ಲಿಸಿದ್ವಿ. ಟ್ಯೂಬನ್ನ ಬಿಗಿ ಮಾಡ್ತಾ ಹೋದ ಹಾಗೆ ಮೊಳೆ ಎಳೆಯೋದೇ ಕಷ್ಟ ಆಯ್ತು. ಭಾರ ಹೆಚ್ಚಿದಷ್ಟೂ ತಿಕ್ಕಾಟ ಹೆಚ್ಚು, ಸಣ್ಣ ಸರ್ವೋ ಮೋಟರು ಅಲ್ಲೇ ಗುಂಯ್ ಅಂತ ನಿಂತುಬಿಡ್ತಿತ್ತು. ಗುಂಪಿನಲ್ಲಿ ಒಬ್ಬ ತೀರ್ಥಹಳ್ಳಿ ಕಡೆಯವನು. ಅವನು ಹೇಳಿದ, “ಕೋವಿಲಿ ಕುದುರೆ ಇರ್ತದಲ್ಲ ಮಾರಾಯಾ, ಒಂದು ಬೆರಳಲ್ಲಿ ಎಳೆದ್ರೆ ಬೀಳ್ತದೆ. ಅದು ಹ್ಯಾಂಗೆ?” ಅಲ್ಲಿಗೆ ತಲೆ ಓಡ್ತು. ಭಾರವನ್ನ ನೇರವಾಗಿ ಬೆರಳ ಮೇಲೆ ಹೊರಿಸದೆ, ಕೊಂಡಿಯ ತಿರುಗೋ ಬಿಂದುವಿನ ಹತ್ತಿರ ಹೊರಿಸಬೇಕು. ಆಗ ಬಿಡಿಸೋಕೆ ಬೇಕಾಗೋದು ಸ್ವಲ್ಪವೇ ಬಲ. ಈ ಪಾಠ ಯಾವ ಪುಸ್ತಕದಲ್ಲೂ ಇಲ್ಲ ಅಂತಲ್ಲ, ಇದೆ. ಆದ್ರೆ ಮೊಳೆ ಸಿಕ್ಕಿಹಾಕಿಕೊಂಡು ನಿಂತಾಗ ಮಾತ್ರ ಅದು ತಲೆಗೆ ಹೋಗುತ್ತೆ.

ಎರಡನೇ ಪಾಠ ಕಾಲಿನ ತೂಕದ್ದು. ಎಲ್ಲರಿಗೂ ಮೊದಲು ಹೊಳೆಯೋದು ‘ಕಾಲು ಭಾರ ಇದ್ದಷ್ಟೂ ಜೋರಾಗಿ ಒದೆಯುತ್ತೆ’ ಅಂತ. ಅದೇ ಸ್ಪ್ರಿಂಗ್ ಇಟ್ಟುಕೊಂಡು ಭಾರ ಹೆಚ್ಚಿಸಿದ್ರೆ ಕಾಲು ನಿಧಾನ ಆಗುತ್ತೆ. ತೀರಾ ಹಗುರ ಮಾಡಿದ್ರೆ ಕಾಲು ವೇಗವಾಗಿ ಬಂದು ಚೆಂಡಿಗೆ ಬಡಿದು ವಾಪಸ್ ಪುಟಿಯುತ್ತೆ. ಲೆಕ್ಕ ಹಾಕಿದ್ರೆ, ಚೆಂಡಿಗೆ ತಾಗೋ ಜಾಗದಲ್ಲಿ ಕಾಲಿನ ಪರಿಣಾಮಕಾರಿ ತೂಕ ಚೆಂಡಿನಷ್ಟೇ ಇದ್ದಾಗ ಅತಿ ಹೆಚ್ಚು ವೇಗ ಸಿಗುತ್ತೆ. ಹತ್ತು ಪಟ್ಟು ಭಾರ ಆದ್ರೆ ಅದೇ ಸ್ಪ್ರಿಂಗಿಗೆ ಚೆಂಡಿನ ವೇಗ ಶೇಕಡಾ 40ಕ್ಕಿಂತ ಜಾಸ್ತಿ ಬಿದ್ದುಹೋಗುತ್ತೆ. ಪ್ಲೈವುಡ್ ಕಾಲಿಗೆ ಒಂದೊಂದೇ ನಟ್ಟು ಬಿಗಿದು ತೂಕ ಏರಿಸ್ತಾ, ಮೊಬೈಲಿನ ಸ್ಲೋ ಮೋಷನ್ ವಿಡಿಯೋದಲ್ಲಿ ವೇಗ ಅಳೆದ್ವಿ. ಕಾಲಿನ ತುದಿಗೆ ಸೀಮೆಸುಣ್ಣದ ಪುಡಿ ಬಳಿದು ಚೆಂಡಿನ ಮೇಲೆ ಎಲ್ಲಿ ಬಿತ್ತು ಅಂತ ನೋಡಿದ್ವಿ. ಒಂದು ಬೆರಳಿನಷ್ಟು ಮೇಲೆ ಕೆಳಗೆ ಆದ್ರೆ ಚೆಂಡು ಒಂದೋ ನೆಲ ಹಿಡಿದು ಓಡುತ್ತೆ, ಇಲ್ಲಾ ಆಕಾಶಕ್ಕೆ ಹೋಗಿ ಅಲ್ಲೇ ಬೀಳುತ್ತೆ.

ಇದನ್ನೇ ನಾನು ಪ್ರೋಟೋಟೈಪ್ ಅನ್ನೋದು. ನೋಡೋಕೆ ಅಸಹ್ಯ, ಆದ್ರೆ ಪ್ರತಿ ಸಲ ಒಂದು ಪ್ರಶ್ನೆಗೆ ಉತ್ತರ ಕೊಡುತ್ತೆ.

ಈಗ ನಾನು ಕಂಡದ್ದಕ್ಕೆ ಬರೋಣ. ಇತ್ತೀಚೆಗೆ ನಮ್ಮ ಜಿಲ್ಲೆಯ ಒಂದು ಕಾಲೇಜಿನ ಹಬ್ಬಕ್ಕೆ ರೋಬೋ ಸಾಕರ್ ನೋಡೋಕೆ ಕರೆದಿದ್ರು. ಕಾಲೇಜಿನ ಹೆಸರು ಬೇಡ, ಹುಡುಗರಿಗೆ ಬೇಜಾರಾಗುತ್ತೆ. ಒಂದು ತಂಡದ ರೋಬೋಟು ಥಳಥಳ ಹೊಳೀತಿತ್ತು. ಒದೆಯೋಕೆ ಗಾಳಿಯ ಸಿಲಿಂಡರ್, ಬೆಂಗಳೂರಿನಿಂದ ತರಿಸಿದ ಪೂರ್ತಿ ಸೆಟ್, 22 ಸಾವಿರ ರೂಪಾಯಿ. ಬಟನ್ ಒತ್ತಿದ್ರೆ ‘ಟುಸ್’ ಅಂತ ಸದ್ದು, ಚೆಂಡು ಸಂಕೋಚದಿಂದ ಎರಡು ಮೀಟರ್ ಉರುಳಿ ನಿಂತಿತು. ಯಾಕೆ ಹೀಗೆ ಅಂತ ಕೇಳಿದೆ. “ಸಾರ್, 32 ಎಂಎಂ ಬೋರ್, 6 ಬಾರ್ ಪ್ರೆಷರ್, 48 ಕೆಜಿ ಫೋರ್ಸ್ ಇದೆ ಸಾರ್, ಡೇಟಾಶೀಟ್‌ನಲ್ಲೇ ಇದೆ” ಅಂದ ಹುಡುಗ. ಲೆಕ್ಕ ಸರಿ. ಆದ್ರೆ ಆ 48 ಕೆಜಿ ಸಿಲಿಂಡರ್ ನಿಂತಿದ್ದಾಗಿನ ಮಾತು. ಅದು ಓಡಬೇಕಾದ್ರೆ ಹಿಂದಿನಿಂದ ಅಷ್ಟೇ ವೇಗದಲ್ಲಿ ಗಾಳಿ ಬರಬೇಕು. ವಾಲ್ವಿನ ತೂತು ಸಣ್ಣದು, ಪೈಪು ಸಣ್ಣದು, ಗಾಳಿಯ ಟ್ಯಾಂಕು ದೂರ. ಒದೆಯೋದು ಮುಗಿಯೋ ಹೊತ್ತಿಗೂ ಗಾಳಿ ಇನ್ನೂ ದಾರೀಲೇ ಇರುತ್ತೆ. ದಪ್ಪ ಪೈಪು, ದೊಡ್ಡ ವಾಲ್ವು ಹಾಕಿ, ಟ್ಯಾಂಕನ್ನ ಸಿಲಿಂಡರಿನ ಪಕ್ಕದಲ್ಲೇ ಕೂರಿಸಿದ್ರೆ ಅದೇ ಸಿಲಿಂಡರ್ ಚೆನ್ನಾಗಿ ಒದೆಯುತ್ತಿತ್ತು. ಹುಡುಗ ದಡ್ಡ ಅಲ್ಲ, ಚುರುಕಾಗಿದ್ದ. ಅವನಿಗೆ ಪ್ರಶ್ನೆ ಎದುರಾಗೋ ಅವಕಾಶವನ್ನೇ ಆ ಸೆಟ್ಟು ಕಿತ್ತುಕೊಂಡಿತ್ತು ಅಷ್ಟೆ.

ನನಗೆ ಉರಿದದ್ದು ಚೆಂಡು ಉರುಳಿದ್ದಕ್ಕಲ್ಲ. ‘ಉತ್ತಮ ವಿನ್ಯಾಸ’ ಬಹುಮಾನ ಅದಕ್ಕೇ ಬಂತು!! ಮೂಲೆಯಲ್ಲಿ ಇನ್ನೊಂದು ತಂಡ ಗುಜರಿಯಿಂದ ತಂದ ಲಾರಿ ವೈಪರ್ ಮೋಟರಿಗೆ ಅರ್ಧ ಹಲ್ಲು ಕಿತ್ತ ಗೇರು ಹಾಕಿತ್ತು. ಹಲ್ಲು ಇರೋ ಭಾಗ ಸ್ಪ್ರಿಂಗನ್ನ ಎಳೀತಾ ಹೋಗುತ್ತೆ, ಹಲ್ಲಿಲ್ಲದ ಭಾಗ ಬಂದ ತಕ್ಷಣ ಕೈಬಿಡುತ್ತೆ, ಕಾಲು ಫಟ್ ಅಂತ ಹೊಡೆಯುತ್ತೆ. ಬೇರೆ ಕೊಂಡಿಯೇ ಬೇಡ. ತುಕ್ಕು ಹಿಡಿದಿತ್ತು, ಪೇಂಟ್ ಇರ್ಲಿಲ್ಲ. ತೀರ್ಪುಗಾರರು ಅದರ ಹತ್ತಿರ ಒಂದು ನಿಮಿಷವೂ ನಿಲ್ಲಲಿಲ್ಲ.

ಇದನ್ನ ಹೇಳಿದಾಗೆಲ್ಲ ನನಗೆ ಸಿಗೋ ಉತ್ತರಗಳು ಮೂರು. ಒಂದೊಂದಾಗಿ ನೋಡೋಣ.

ಮೊದಲನೆಯದು, “ಟೈಮ್ ಎಲ್ಲಿದೆ? ಇಂಟರ್ನಲ್ಸು, ಲ್ಯಾಬು, ಪ್ಲೇಸ್‌ಮೆಂಟು...” ಪ್ಲೈವುಡ್ ಮಾದರಿಗೆ ನಮಗೆ ಹಿಡಿದದ್ದು ಎರಡು ಭಾನುವಾರ. ಕೊರಿಯರ್ ಬರೋದಕ್ಕೆ ಕಾಯೋ ಹೊತ್ತಿಗೆ ಮೂರು ಮಾದರಿ ಮುರಿಯಬಹುದು. ಟೈಮ್ ಇಲ್ಲದಿರೋದು ಮಾಡೋಕಲ್ಲ, ಸೋಲೋಕೆ. ಸೋತದ್ದಕ್ಕೆ ಮಾರ್ಕ್ಸ್ ಕೊಡೋರಿಲ್ಲ, ಬೈಂಡ್ ಮಾಡಿಸಿದ ರಿಪೋರ್ಟಿಗೆ ಕೊಡ್ತಾರೆ. ಇದು ಹುಡುಗರ ತಪ್ಪಲ್ಲ, ಮಾರ್ಕ್ಸ್ ಪಟ್ಟಿ ಮಾಡಿದವರದ್ದು.

ಎರಡನೆಯದು, “ಎಲ್ಲಾ ನಾವೇ ಮಾಡ್ತಾ ಕೂರಬೇಕಾ? ಇಂಡಸ್ಟ್ರಿಯಲ್ಲೂ ಕೊಂಡೇ ಜೋಡಿಸ್ತಾರೆ.” ನಿಜ, ಒಪ್ಪಿದೆ. ಮೋಟರು ಕೊಳ್ಳಿ, ಬ್ಯಾಟರಿ ಕೊಳ್ಳಿ, ಬೇರಿಂಗ್ ಕೊಳ್ಳಿ, ಕಂಟ್ರೋಲರ್ ಬೋರ್ಡ್ ಕೊಳ್ಳಿ. ಗಾಳಿಯ ಸಿಲಿಂಡರನ್ನೂ ಕೊಳ್ಳಿ, ಬಿಡಿಬಿಡಿಯಾಗಿ ಕೊಂಡು ನೀವೇ ಜೋಡಿಸಿ. ಆದ್ರೆ ಆಟ ‘ಚೆಂಡು ಒದೆಯಬೇಕು’ ಅಂತ ಇದ್ದಾಗ ಒದೆಯೋದೇ ಪ್ರಶ್ನೆ. ಪರೀಕ್ಷೆಗೆ ಪೆನ್ನು ಕೊಂಡುಕೊಂಡು ಹೋಗಬಹುದು, ಉತ್ತರ ಕೊಂಡುಕೊಂಡು ಹೋದ್ರೆ ಅದಕ್ಕೆ ಏನಂತಾರೆ?

ಮೂರನೆಯದು ನನ್ನ ಮೇಲೇ ಬರುತ್ತೆ. “ನೀನು ಬೆಂಗಳೂರಲ್ಲಿ ಏಸಿ ರೂಮಲ್ಲಿ ಕೋಡ್ ಬರೆಯೋನು, ನಿಂಗ್ಯಾಕಯ್ಯ ಕಬ್ಬಿಣದ ಉಸಾಬರಿ?” ಸ್ವಾಮಿ, ಕೋಡ್ ಬರೆಯೋದ್ರಿಂದಲೇ ಹೇಳ್ತಿರೋದು. ನಮ್ಮ ಕೆಲಸದಲ್ಲಿ ದಿನಕ್ಕೆ ಐವತ್ತು ಸಲ ಸೋಲಬಹುದು, ಬಿಟ್ಟಿಯಾಗಿ. ಎರರ್ ಬರುತ್ತೆ, ತಿದ್ದಿ ಮತ್ತೆ ಓಡಿಸ್ತೀವಿ. ಕಬ್ಬಿಣದಲ್ಲಿ ಒಂದು ಸೋಲಿಗೆ ಒಂದು ವಾರ, ಎರಡು ಸಾವಿರ ರೂಪಾಯಿ. ಅದಕ್ಕೇ ಅಲ್ಲವಾ ಪ್ಲೈವುಡ್ಡು, ಸೈಕಲ್ ಟ್ಯೂಬು ಬೇಕಾಗೋದು? ಸೋಲನ್ನ ಅಗ್ಗ ಮಾಡೋಕೆ. ಇಷ್ಟು ಗೊತ್ತಿದ್ದೂ ನಾವು ಸಾಫ್ಟ್‌ವೇರ್ ಮಂದಿ ತೀರ್ಪುಗಾರರಾಗಿ ಹೋದಾಗ ಹೊಳೆಯೋ ಡಬ್ಬಿಗೆ ಬಹುಮಾನ ಕೊಟ್ಟು, ಫೋಟೋ ತೆಗೆಸಿಕೊಂಡು ಬರ್ತೀವಲ್ಲ... ನಾಚಿಕೆ ಆಗಬೇಕು.

ಈಗ ಭದ್ರಾವತಿ.

ನಮ್ಮ ಪ್ಲೈವುಡ್ ಕಾಲು ಉತ್ತರ ಕೊಟ್ಟ ಮೇಲೆ ಕಬ್ಬಿಣದ್ದು ಮಾಡಿಸೋಕೆ ಶಿವಮೊಗ್ಗದಿಂದ ಬಸ್ ಹತ್ತಿ ಭದ್ರಾವತಿಗೆ ಹೋದ್ವಿ. 20 ಕಿಲೋಮೀಟರ್ ಒಳಗಿನ ದಾರಿ. ಅಲ್ಲಿ ಒಂದು ಸಣ್ಣ ಲೇತ್ ಶಾಪು. ಯಜಮಾನರು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ರಿಟೈರ್ ಆದವರು. ನಾವು ಲ್ಯಾಪ್‌ಟಾಪ್ ತೆಗೆದು ಮೂರು ಆಯಾಮದ ಚಿತ್ರ ತೋರಿಸೋಕೆ ಶುರು ಮಾಡಿದ್ರೆ ಅವರು ಕೈ ಅಡ್ಡ ಹಿಡಿದು, “ಅದಿರ್ಲಿ ಕಣ್ರಪ್ಪಾ, ಮೊದ್ಲು ಚೆಂಡು ಕೊಡಿ ಇಲ್ಲಿ” ಅಂದ್ರು. ಕೈಯಲ್ಲಿ ತೂಗಿ ನೋಡಿದ್ರು. ಆಮೇಲೆ ಕೇಳಿದ ಪ್ರಶ್ನೆ, “ಕಾಲು ಹೊಡೆದಾದ್ಮೇಲೆ ಎಲ್ಲಿ ಹೋಗಿ ನಿಲ್ಲುತ್ತೆ?” ನಮ್ಮ ಚಿತ್ರದಲ್ಲಿ ಕಾಲು ಚೆಂಡಿಗೆ ಹೊಡೆಯೋ ತನಕ ಎಲ್ಲಾ ಇತ್ತು, ಆಮೇಲಿನದ್ದು ಇನ್ನೂ ಬರೆದಿರ್ಲಿಲ್ಲ. ಉಳಿದ ಶಕ್ತಿಯೆಲ್ಲ ಎಲ್ಲಿಗೋ ಹೋಗಲೇಬೇಕು, ಇಲ್ಲದಿದ್ರೆ ಹಿಂಜಸ್ ಕಿತ್ತು ಬರುತ್ತೆ. ಅವರು ಹಳೇ ಲಾರಿ ಟೈರಿನ ತುಂಡು ಕತ್ತರಿಸಿ ಕಾಲಿನ ಮುಂದೆ ತಡೆ ಕೂರಿಸಿದ್ರು. ಕೊಂಡಿಯ ತುದಿ ಸವೆಯದ ಹಾಗೆ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಬಣ್ಣ ನೋಡ್ತಾ ನಿಂತ್ರು. ಉಕ್ಕಿಗೆ ಹದ ಕೊಡೋದು ಅಂದ್ರೆ ಏನು ಅಂತ ನಾಲ್ಕು ವರ್ಷ ಓದಿ ಬರೆದಿದ್ದ ನಾವು ಕಣ್ಣಾರೆ ನೋಡಿದ್ದು ಆವತ್ತೇ. ತೀರಾ ಗಡಸಾದ್ರೆ ಗಾಜಿನ ಹಾಗೆ ಚೂರಾಗುತ್ತೆ, ಮೆದುವಾದ್ರೆ ಸವೆಯುತ್ತೆ. ನಡುವಿನದ್ದು ಹಿಡಿಯೋಕೆ ಅವರಿಗೆ ಕಣ್ಣೇ ಥರ್ಮಾಮೀಟರ್.

ಈ ಊರಿನಲ್ಲಿ ಅಂಥ ಕಣ್ಣು ಸುಮ್ಮನೆ ಹುಟ್ಟಿದ್ದಲ್ಲ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಇಲ್ಲಿ 1923ರಲ್ಲಿ ಶುರುವಾಯ್ತು. ಕಲ್ಲಿದ್ದಲು ಹತ್ತಿರದಲ್ಲಿ ಇಲ್ಲ ಅಂತ ಮಲೆನಾಡಿನ ಕಾಡಿನ ಮರದ ಇದ್ದಿಲಿನಲ್ಲೇ ಕಬ್ಬಿಣ ಕರಗಿಸಿದ್ರು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ರು, ಆಮೇಲೆ ಅವರ ಹೆಸರೇ ಕಾರ್ಖಾನೆಗೆ ಬಂತು. 1998ರಲ್ಲಿ ಅದು ಸೈಲ್ ಜೊತೆ ವಿಲೀನ ಆಯ್ತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಮುಚ್ಚೋ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದ್ರು. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಊರಿನ ಇನ್ನೊಂದು ದೊಡ್ಡ ಕಾರ್ಖಾನೆ ಮೈಸೂರು ಪೇಪರ್ ಮಿಲ್ಸ್ 2015ರಲ್ಲೇ ಉತ್ಪಾದನೆ ನಿಲ್ಲಿಸಿತ್ತು. ಈ ಎರಡು ಕಾರ್ಖಾನೆಗಳಲ್ಲಿ ಟರ್ನರ್, ಫಿಟ್ಟರ್, ವೆಲ್ಡರ್, ಮೋಲ್ಡರ್ ಆಗಿ ದುಡಿದವರು ಇವತ್ತಿಗೂ ನ್ಯೂಟೌನ್, ಪೇಪರ್ ಟೌನ್ ಕಡೆ ಇದ್ದಾರೆ. ಸಂಜೆ ವಾಕಿಂಗ್ ಹೋಗ್ತಾರೆ, ಮೊಮ್ಮಕ್ಕಳನ್ನ ಸ್ಕೂಲಿಗೆ ಬಿಡ್ತಾರೆ. ಅವರ ಕೈಯಲ್ಲಿರೋ ವಿದ್ಯೆಗೆ ಹೆಚ್ಚೆಂದ್ರೆ ಇನ್ನು ಹತ್ತು ಹದಿನೈದು ವರ್ಷ ಆಯಸ್ಸು. ಆಮೇಲೆ ಅದನ್ನ ಯಾವ ಅಂಗಡಿಯಿಂದ ತರಿಸ್ತೀರಿ?

ನಾವು ಕೆಲಸ ಮಾಡಿಸಿದ ಆ ಲೇತ್ ಶಾಪು ಈಗ ಇಲ್ಲ. ಮಷೀನು ಮಾರಿದ್ರಂತೆ, ಮಗ ಬೆಂಗಳೂರಿನಲ್ಲಿದ್ದಾನಂತೆ. ಗುಂಪಿನ ಗೆಳೆಯನೊಬ್ಬ ಹೇಳಿದ್ದು.

ಶಿವಮೊಗ್ಗದಲ್ಲೇನು ಕಡಿಮೆ? ಫೌಂಡ್ರಿಗಳಿವೆ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಇರೋದೇ ಎರಡೂ ಊರಿನ ನಡುವೆ. ತೋಟದ ಪಂಪ್‌ಸೆಟ್ ಸುಟ್ಟುಹೋದ್ರೆ ಮೋಟರ್ ರೀವೈಂಡಿಂಗ್ ಮಾಡೋ ಅಂಗಡಿಗಳಿವೆ. ಪ್ರಪಂಚದ ರೋಬೋಕಪ್ ಸ್ಪರ್ಧೆಯ ಪುಟ್ಟ ರೋಬೋಟುಗಳು 46 ಗ್ರಾಮಿನ ಗಾಲ್ಫ್ ಚೆಂಡನ್ನ ಒದೆಯೋದು ಸೊಲೆನಾಯ್ಡ್‌ನಿಂದ. ಅಂದ್ರೆ ತಾಮ್ರದ ತಂತಿಯ ಸುರುಳಿ, ಒಳಗೆ ಕಬ್ಬಿಣದ ಸರಳು. ಕೆಪಾಸಿಟರ್‌ನಲ್ಲಿ 200 ವೋಲ್ಟ್ ತುಂಬಿಸಿ ಒಂದೇ ಏಟಿಗೆ ಸುರುಳಿಗೆ ಬಿಡ್ತಾರೆ, ಸರಳು ಚಿಮ್ಮುತ್ತೆ. ಆ ಸುರುಳಿ ಸುತ್ತೋ ಕೈ ನಮ್ಮೂರಿನ ರೀವೈಂಡಿಂಗ್ ಅಂಗಡಿಯಲ್ಲಿ ದಿನಾ ಅದೇ ಕೆಲಸ ಮಾಡ್ತಿದೆ. (ಕೆಪಾಸಿಟರ್ ವಿಷಯದಲ್ಲಿ ಮಾತ್ರ ಹುಷಾರು. ಸ್ವಿಚ್ ತೆಗೆದ ಮೇಲೂ ಅದರಲ್ಲಿ ಪ್ರಾಣ ತೆಗೆಯೋಷ್ಟು ಚಾರ್ಜ್ ಉಳಿದಿರುತ್ತೆ. ಗೊತ್ತಿದ್ದವರು ಪಕ್ಕದಲ್ಲಿ ಇಲ್ಲದೆ ಮುಟ್ಟಬೇಡಿ.)

ಹೀಗಿರುವಾಗ ನಮ್ಮ ಹುಡುಗರು 300 ಕಿಲೋಮೀಟರ್ ಆಚೆಯ ಬೆಂಗಳೂರಿಗೆ ಆರ್ಡರ್ ಹಾಕ್ತಾರೆ. ಕಾಲೇಜುಗಳು ದೂರದಿಂದ ‘ಎಕ್ಸ್‌ಪರ್ಟ್’ ಕರೆಸಿ, ಶಾಲು ಹೊದಿಸಿ, ಎರಡು ಗಂಟೆ ಸ್ಲೈಡ್ ತೋರಿಸ್ತಾರೆ. ಅದೇ ದುಡ್ಡಿನಲ್ಲಿ ಭದ್ರಾವತಿಯ ಒಬ್ಬ ರಿಟೈರ್ಡ್ ಫಿಟ್ಟರನ್ನ ಒಂದು ತಿಂಗಳು ಪ್ರತಿ ಶನಿವಾರ ವರ್ಕ್‌ಶಾಪಿಗೆ ಕರೆಸಬಹುದು. ಅವರಿಗೆ ಡಿಗ್ರಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಆ ಬಾಗಿಲು ತೆರೆಯಲ್ಲ. ಇದನ್ನ ಅಹಂಕಾರ ಅನ್ನದೆ ಇನ್ನೇನು ಅನ್ನಬೇಕು?

ನಾನು ಕೇಳ್ತಿರೋದು ದೊಡ್ಡದೇನಲ್ಲ. ಕಾಲೇಜಿನವರು ಮುರಿದ ಮಾದರಿಗಳಿಗೂ ಮಾರ್ಕ್ಸ್ ಇಡಲಿ. ಏನು ಮುರೀತು, ಯಾಕೆ ಮುರೀತು, ಏನು ಬದಲಾಯಿಸಿದ್ರಿ ಅಂತ ಒಂದು ನೋಟ್‌ಬುಕ್ ಸಾಕು. ಕೊರಿಯರ್ ಡಬ್ಬಿಯಿಂದ ಆ ನೋಟ್‌ಬುಕ್ ಬರಲ್ಲ. ತೀರ್ಪುಗಾರರಾಗಿ ಹೋಗೋ ನನ್ನಂಥವರು ಮೊದಲು ಒಂದೇ ಪ್ರಶ್ನೆ ಕೇಳಲಿ, “ಇದರ ಮೊದಲನೇ ಮಾದರಿ ಎಲ್ಲಪ್ಪಾ?” ಉತ್ತರ ಕೊಡೋಕೆ ಹುಡುಗ ಚೀಲದಿಂದ ಮುರಿದ ಪ್ಲೈವುಡ್ ತುಂಡು ತೆಗೆದ್ರೆ, ಆಮೇಲೆ ಪೇಂಟ್ ನೋಡೋಣ.

ಕೊನೆಯದಾಗಿ ನಿಮಗೆ, ಬ್ಲಾಗಿಗರಿಗೆ. ನಾವು ಕನ್ನಡದಲ್ಲಿ ಮಳೆ ಬಗ್ಗೆ ಎಷ್ಟು ಬರೆದಿದ್ದೀವಿ! ಅಮ್ಮನ ಕೈರುಚಿ ಬಗ್ಗೆ, ಕಾಲೇಜಿನ ಮೊದಲ ಕ್ರಶ್ ಬಗ್ಗೆ ಎಷ್ಟು ಬರೆದಿದ್ದೀವಿ! (ನಾನೂ ಬರೆದಿದ್ದೀನಿ, ಬೈಕೋಬೇಡಿ :)) ಆದ್ರೆ ಉಕ್ಕಿಗೆ ಹದ ಕೊಡೋದು ಹೇಗೆ, ಸ್ಪ್ರಿಂಗ್ ಸುತ್ತೋದು ಹೇಗೆ, ಲೇತ್ ಮೇಲೆ ಥ್ರೆಡ್ ಕತ್ತರಿಸುವಾಗ ಕಿವಿಗೆ ಯಾವ ಸದ್ದು ಬಂದ್ರೆ ನಿಲ್ಲಿಸಬೇಕು ಅಂತ ಕನ್ನಡದಲ್ಲಿ ಹುಡುಕಿ ನೋಡಿ. ನಾನು ಹುಡುಕಿದೆ, ನನ್ನ ಕೈಗೆ ಒಂದೂ ಸಿಗಲಿಲ್ಲ. ಅದನ್ನ ಬಲ್ಲವರು ಕನ್ನಡದಲ್ಲೇ ಮಾತಾಡ್ತಾರೆ, ಬರೆಯೋ ಅಭ್ಯಾಸ ಅವರಿಗಿಲ್ಲ. ನಮಗೆ ಬರೆಯೋ ಅಭ್ಯಾಸ ಇದೆ, ಗೊತ್ತಿರೋದು ಕಡಿಮೆ. ಲೆಕ್ಕ ಸರಿಹೋಗುತ್ತಲ್ಲ!

ನಿಮ್ಮ ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯ ಅಂಕಲ್ ಯಾರಾದ್ರೂ ಕಾರ್ಖಾನೆಯಲ್ಲಿ ದುಡಿದವರಿದ್ರೆ ಮುಂದಿನ ಸಲ ಊರಿಗೆ ಹೋದಾಗ ಒಂದು ಗಂಟೆ ಅವರ ಜೊತೆ ಕೂತ್ಕೊಳ್ಳಿ. ಒಂದೇ ಒಂದು ಕೆಲಸ ಹೇಗೆ ಮಾಡ್ತಿದ್ರು ಅಂತ ಕೇಳಿ, ಅವರ ಮಾತಲ್ಲೇ ಬರೆದು ನಿಮ್ಮ ಬ್ಲಾಗಿನಲ್ಲಿ ಹಾಕಿ. ನಾನು ಆ ಟರ್ನರ್ ಯಜಮಾನರ ಮನೆ ಹುಡುಕೋಕೆ ಬರೋ ಶನಿವಾರ ಭದ್ರಾವತಿಗೆ ಹೋಗ್ತಿದ್ದೀನಿ.

ಬೈಯ್ಯೋರು ಕಮೆಂಟಿನಲ್ಲಿ ಬೈಯ್ಯಿರಿ. ರೆಡಿಮೇಡ್ ಸೆಟ್ ತಂದವರು ಮಾತ್ರ ಬೈಯ್ಯೋಕೆ ಮುಂಚೆ ಅದನ್ನೊಂದು ಸಲ ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ ಬನ್ನಿ :)